ಎರಡು ಸುತ್ತು ತೇದ ಮಾತ್ರೆ

ಕೂಸು ಸಾಕುವುದರಲ್ಲಿ ಕೆರಗೋಡಿನ ದೇವಿರಮ್ಮ ಯಾರ ಬುದ್ಧಿವಾದವನ್ನೂ ಕೇಳಿದವಳಲ್ಲ. ಮೊಮ್ಮಗಳು ಹುಟ್ಟಿದ ಎರಡನೇ ದಿನವೇ ಆ ಜಂಬ ಇಳಿಸಿದಳು. ಕಣ್ಣು ಒಂದೇ ಕಡೆ ನೆಟ್ಟು, ಕೈಕಾಲು ಅದುರಿ, ಫಿಟ್ಸು! ಮಂಡ್ಯದ ಆಸ್ಪತ್ರೆಯಲ್ಲಿ ಒಂದು ಔಷಧಿಗೆ ಜಗ್ಗಲಿಲ್ಲ, ಎರಡನೆಯದಕ್ಕೂ ಜಗ್ಗಲಿಲ್ಲ. ಮೂರನೆಯದು ಕೊಟ್ಟ ಮೇಲೆ ನಿಂತಿತು. ಇಪ್ಪತ್ತನೇ ದಿನ ಮನೆಗೆ ಬಂದರು.

"ಅರ್ಧ ಮಾತ್ರೆ ಪುಡಿ ಮಾಡಿ, ಹಾಲಲ್ಲಿ ಕಲಸಿ, ದಿನಕ್ಕೆರಡು ಸಲ," ಎಂದಿದ್ದರು ಡಾಕ್ಟರ್ ಅರುಂಧತಿ. ಸೊಸೆ ಕುಸುಮ ಹಸಿ ಬಾಣಂತಿ. ಕೆಲಸವನ್ನು ಅತ್ತೆಯೇ ಕೇಳಿ ವಹಿಸಿಕೊಂಡಳು. ಹೊತ್ತು ತಪ್ಪಲಿಲ್ಲ, ನಿಜ. ಆದರೆ ಅಂಗೈಯಷ್ಟು ಕೂಸಿಗೆ ಅರ್ಧ ಮಾತ್ರೆಯೇ? ತೇಯುವ ಕಲ್ಲಿನ ಮೇಲೆ ತಾಯಿಹಾಲು ಬಿಟ್ಟು, ಬಜೆ ತೇಯುವ ಹಾಗೆ ಮಾತ್ರೆಯನ್ನು ಎರಡೇ ಸುತ್ತು ತೇದು ಒಳಲೆಯಲ್ಲಿ ಕುಡಿಸಿದಳು. ಉಳಿದ ಮಾತ್ರೆ ಮತ್ತೆ ಡಬ್ಬಿಗೆ. ಮೂರು ಮಕ್ಕಳನ್ನು ಸಾಕಿದ ಕೈ, ಕೇಳುವವರು ಯಾರು?

ಮನೆಗೆ ಬಂದ ಐದನೇ ದಿನ ಬೆಳಿಗ್ಗೆ ಕೂಸು ಮತ್ತೆ ಅದುರಿತು. ಮತ್ತೆ ಮಂಡ್ಯ, ಮತ್ತೆ ಸೂಜಿ.

"ಈ ಮಾತ್ರೆಯೂ ಕೈಕೊಟ್ಟಂತಿದೆ," ಎಂದರು ಡಾಕ್ಟರು. "ಇದನ್ನು ಬಿಟ್ಟು ಬೇರೆಯದು ಶುರು ಮಾಡೋಣ. ಅದು ಜೋರು. ಮುಂದೆ ಕಣ್ಣಿಗೆ ತೊಂದರೆಯಾದರೂ ಆಗಬಹುದು."

ಕುಸುಮ ಬಿಕ್ಕಿ ಬಿಕ್ಕಿ ಅತ್ತಳು. ದೇವಿರಮ್ಮ ಚೀಲದಿಂದ ಮಾತ್ರೆಯ ಡಬ್ಬಿ ತೆಗೆದಳು. ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಕೂಸಿನ ಕಣ್ಣು ಉಳಿಯಬೇಕಲ್ಲ?

"ಮಾತ್ರೇದು ತಪ್ಪಿಲ್ಲ ಕಣವ್ವ, ಅದ್ನ ಬುಡಬ್ಯಾಡಿ. ನಾನೇ ಸರ್ಯಾಗಿ ಕೊಡ್ನಿಲ್ಲ. ಎಲ್ಡು ಸುತ್ತು ತೇದು ಆಕ್ದೆ," ಎಂದು ಸೊಸೆಯ ಎದುರೇ ಹೇಳಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಎಲ್ಲ ಮಾತ್ರೆಗಳೂ ಹಾಗೇ ಇದ್ದವು, ಒಂದೆರಡರ ಅಂಚು ಮಾತ್ರ ಸವೆದಿತ್ತು.

ಡಾಕ್ಟರಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಿಟ್ಟುಸಿರೂ ಬಂತು. "ಹೇಳಿದ್ದು ಒಳ್ಳೆಯದಾಯಿತಮ್ಮ. ಮಗುವಿಗೆ ಮದ್ದು ಸಿಕ್ಕೇ ಇಲ್ಲ!"

ಅದೇ ಮಾತ್ರೆ, ಪೂರ್ತಿ ಅಳತೆ. ನಾಲ್ಕು ದಿನ ವಾರ್ಡಿನಲ್ಲೇ ಇಟ್ಟುಕೊಂಡು ನೋಡಿದರು. ಒಂದು ಸಲವೂ ಫಿಟ್ಸು ಬರಲಿಲ್ಲ. ಆ ನಾಲ್ಕು ದಿನ ಕುಸುಮ ಅತ್ತೆಯೊಡನೆ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವಳೇ ಮಾತ್ರೆ ಮುರಿದು, ಪುಡಿ ಮಾಡಿ, ಹಾಲಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿಗೆ ಎಳೆದುಕೊಂಡು ಅತ್ತೆಯ ಮುಂದೆ ಹಿಡಿದಳು.

"ನೀವೇ ಕುಡಿಸಿ."

"ನನ್ ಕೈಗ್ಯಾಕವ್ವ ಕೊಡ್ತೀಯ?"

"ಸುಮ್ನಿದ್ದಿದ್ರೆ ಯಾರ್ಗೂ ಗೊತ್ತಾಯ್ತಿರ್ನಿಲ್ಲ. ಬಾಯ್ಬುಟ್ಟು ಏಳುದ್ರಲ್ಲ ನೀವು."

ದೇವಿರಮ್ಮನ ಕೈ ಗಡಗಡ ನಡುಗಿತು. ಕೂಸು ಮಾತ್ರ ನಡುಗದೆ, ಚಪ್ಪರಿಸಿಕೊಂಡು ಕೊನೆಯ ಹನಿಯವರೆಗೂ ಕುಡಿಯಿತು.