ತಾನಾಗಿ ಮುಚ್ಚಿಕೊಳ್ಳುವ ಬಾಗಿಲು

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಗಿನ ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಬಡಗಿಯ ಹೆಣ ಮಲಗಿಸಿದ ಹಲಗೆಯನ್ನು ನಾಲ್ವರು ಎತ್ತಿ ಹೊಸ್ತಿಲವರೆಗೆ ತಂದರು. ಬಾಗಿಲು ಅವರ ಮುಖಕ್ಕೇ ಮುಚ್ಚಿಕೊಂಡಿತು. ದೂಡಿದರು. ಮತ್ತೆ ಬಂದು ಮುಂದಿನವನ ಭುಜಕ್ಕೆ ಬಡಿಯಿತು. ಹಲಗೆಯನ್ನು ಮತ್ತೆ ನಡುಮನೆಗೆ ಒಯ್ದು ಇಳಿಸಬೇಕಾಯಿತು.

ಪಕ್ಕದ ಮನೆಯ ದರ್ಜಿ ತಲೆಯೆತ್ತಿ ನೋಡಿದ. ಚೌಕಟ್ಟಿನ ಮೇಲೆ ಹಳೆಯ ಗರಗಸದ ಮೆಷೀನಿನ ಗಾಲಿ. ಗಾಲಿಯ ಮೇಲೆ ಹಾಯ್ದ ಹಗ್ಗದ ಒಂದು ತುದಿ ಬಾಗಿಲಿಗೆ, ಇನ್ನೊಂದು ತುದಿಯಲ್ಲಿ ಅದೇ ಮೆಷೀನಿನ ಕಬ್ಬಿಣದ ಕಾಲು. ಬಾಗಿಲು ತೆರೆದರೆ ಕಾಲು ಮೇಲೇರುತ್ತದೆ. ಬಿಟ್ಟರೆ ಇಳಿದು ಬಾಗಿಲನ್ನು ಎಳೆದುಕೊಳ್ಳುತ್ತದೆ.

"ಇಷ್ಟು ದಿನ ನಮ್ಮನ್ನ ಒಳಗೆ ಬಿಡೋಕೆ ಸತಾಯಿಸ್ತಿತ್ತು. ಈಗ ಯಜಮಾನನ್ನೇ ಹೊರಗೆ ಬಿಡೋಲ್ಲ ಅಂತಿದೆ," ಅಂದ ದರ್ಜಿ. ಕೆಲವರು ತಲೆ ತಗ್ಗಿಸಿಕೊಂಡು ನಕ್ಕರು. ಅವನ ಜೇಬಿನಿಂದ ಕತ್ತರಿ ಹೊರಬಂತು.

"ಹಗ್ಗ ಕತ್ತರಿಸಬೇಡಪ್ಪ," ಅಂದಳು ಬಡಗಿಯ ಹೆಂಡತಿ. ಮೂಲೆಯಲ್ಲಿ ನಿಂತಿದ್ದ ತನ್ನ ತಮ್ಮನ ಕಡೆ ತಿರುಗಿದಳು. "ಹೋಗೋ, ಶೆಡ್ಡಿಂದ ಒಂದು ಮರದ ತುಂಡು ತಗೊಂಡು ಬಾ. ಒತ್ತು ಕೊಡೋಣ."

ತಮ್ಮ ಅಲ್ಲಾಡಲಿಲ್ಲ. ಆ ಬಾಗಿಲು ಮಾಡಿದ್ದೇ ಅವನಿಗಾಗಿ. ಅವನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು, ತೋರುಬೆರಳು ಅಷ್ಟೇ. ಭುಜ ಕೊಟ್ಟು ದೂಡಿ ಹೋಗಲಿ, ಹಿಂದೆ ಅದೇ ಮುಚ್ಚಿಕೊಳ್ಳಲಿ ಅಂತ ಭಾವ ಹೂಡಿದ ಉಪಾಯ. ಬಚ್ಚಲಲ್ಲಿ ಕಾಲಿನಿಂದ ಒತ್ತಿದರೆ ನೀರು ಬಿಡುವ ನಲ್ಲಿ, ಅದರ ಸರಳು ಮೆಷೀನಿನದು. ಅವನು ಉಣ್ಣುವ ಚಮಚಕ್ಕೆ ಮೆಷೀನಿನ ಗುಂಡು ಹಿಡಿ, ಎರಡು ಬೆರಳಿಗೆ ಸರಿಯಾಗಿ ಕೂರುವಂಥದ್ದು.

ಇಷ್ಟೆಲ್ಲ ಮಾಡಿಕೊಟ್ಟ ಭಾವ ಅವನನ್ನು ಶೆಡ್ಡಿಗೆ ಮಾತ್ರ ಬಿಟ್ಟವರಲ್ಲ. ಆ ಕಡೆ ಹೆಜ್ಜೆಯಿಟ್ಟರೆ ಅಡ್ಡ ನಿಂತು, ಅಲ್ಲೇನಿದೆ ಧೂಳು, ಬಾ ಚಹಾ ಕುಡಿ ಅನ್ನುತ್ತಿದ್ದರು. ಕೈ ಹೋದ ಜಾಗ ನೋಡಿ ನೊಂದುಕೊಂಡಾನು ಅಂತ ಇರಬೇಕು ಎಂದು ಅವನು ತಿಳಿದಿದ್ದ.

"ಹೋಗು," ಅಂದಳು ಅಕ್ಕ ಮತ್ತೆ.

*

ಆಗ ಅವನಿಗೆ ಮದುವೆಯಾದ ಹೊಸತು, ಭಾವನ ಶೆಡ್ಡಿನಲ್ಲೇ ಕೆಲಸ. ಭಾವ ಮರ ತರಲು ಹೋಗಿದ್ದರು. ತೆಳುಪಟ್ಟಿ ಸೀಳುವ ಕೆಲಸ. ಬ್ಲೇಡಿನ ಮೇಲಿನ ತಗಡಿನ ಮುಚ್ಚಳ ಅಡ್ಡ ಬರುತ್ತಿತ್ತು. ಮುಚ್ಚಳ ಇಲ್ಲದೆ ಮೆಷೀನು ಮುಟ್ಟಬೇಡ ಅಂತ ಭಾವ ಎಷ್ಟು ಸಲ ಹೇಳಿದ್ದರೋ. ಅವನು ಎರಡು ಬೋಲ್ಟು ಬಿಚ್ಚಿದ, ಒಂದು ಕಬ್ಬಿಣದ್ದು, ಒಂದು ಹಿತ್ತಾಳೆಯದು. ಅಭ್ಯಾಸದಂತೆ ಅಂಗಿಯ ಜೇಬಿಗೆ ಹಾಕಿಕೊಂಡ. ಮುಚ್ಚಳವನ್ನು ಹಲಗೆಗಳ ಸಂದಿಗೆ ತೂರಿಸಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಭಾವ ಕಾಲಬಳಿ ಕೂತಿದ್ದರು. "ಬೆಳಿಗ್ಗೆ ಬ್ಲೇಡು ಒರೆಸಿದವನು ನಾನು ಕಣೋ. ಮುಚ್ಚಳ ಹಾಕೋದು ಮರೆತುಬಿಟ್ಟಿದ್ದೀನಿ. ನಾನೇ ನಿನ್ನ ಕೈ ತೆಗೆದೆ."

ಅಲ್ಲ ಭಾವ, ಅನ್ನಬೇಕಿತ್ತು. ಅವನು ಕಣ್ಣು ಮುಚ್ಚಿಕೊಂಡ. ನಾಳೆ ಹೇಳೋಣ ಅಂದುಕೊಂಡ. ಮರುದಿನ ಭಾವ ಮೆಷೀನನ್ನೇ ಬಿಚ್ಚಿ ಹಾಕಿದರು ಅಂತ ಸುದ್ದಿ ಬಂತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮೊದಲು ಚಮಚ ಬಂತು, ಆಮೇಲೆ ನಲ್ಲಿ, ಆಮೇಲೆ ಬಾಗಿಲು. ಒಂದೊಂದು ಬಂದಾಗಲೂ ಆ ಮಾತನ್ನು ಮತ್ತೆ ನಾಳೆಗೆ ತಳ್ಳಿದ.

*

ಶೆಡ್ಡಿನೊಳಗೆ ಕತ್ತಲೆಯಿತ್ತು. ಅವನು ದೀಪ ಹಾಕಿದ. ಕೆಲಸದ ಮೇಜಿನ ಮೇಲೆ ಬಲ್ಬು ಹತ್ತಿಕೊಂಡಿತು. ಬಲ್ಬಿಗೆ ಕವಿದಿದ್ದ ತಗಡಿನ ಗುರುತು ಅವನಿಗೆ ಕೂಡಲೇ ಹತ್ತಿತು. ಅದನ್ನು ತೂಗಿಸಿದ್ದು ಎರಡು ಬೋಲ್ಟಿನಲ್ಲಿ. ಒಂದು ಕಬ್ಬಿಣದ್ದು, ಒಂದು ಹಿತ್ತಾಳೆಯದು. ಎಣ್ಣೆ ಹಚ್ಚಿ ಹಚ್ಚಿ ಹಿತ್ತಾಳೆ ಹೊಳೆಯುತ್ತಿತ್ತು.

ಅವನ ಕೈ ತನ್ನ ಅಂಗಿಯ ಜೇಬನ್ನು ತಡವಿತು.

ಹೊರಗೆ ಬಂದಾಗ ಹಿತ್ತಿಲ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಅವನ ಬರಿಗೈ ನೋಡಿದಳು, ಮುಖ ನೋಡಿದಳು.

"ನಿನ್ನ ಅಂಗಿ ತೊಳೆದವಳು ನಾನಲ್ವೇನೋ," ಅಂದಳು. "ಜೇಬಲ್ಲಿದ್ದವು. ಅವರ ಕೈಗೆ ಕೊಟ್ಟೆ."

"ಭಾವ ಏನಂದ್ರು?"

"ಏನೂ ಅನ್ನಲಿಲ್ಲ. ಮುಚ್ಚಳ ಹುಡುಕಿ ದೀಪಕ್ಕೆ ಹಾಕ್ಕೊಂಡ್ರು. ಎಸೆಯೋದು ಅವರಿಗೆಲ್ಲಿ ಬರ್ತಿತ್ತು. ಅವನನ್ನ ಈ ಕಡೆ ಬಿಡಬೇಡ, ನೋಡಿದ್ರೆ ನಾಚ್ಕೊಂಡು ಮನೆಗೆ ಬರೋದೇ ಬಿಟ್ಟಾನು ಅಂದ್ರು."

ಅವನು ಅವಳ ಹಿಂದೆ, ಬೀದಿ ಬಾಗಿಲ ಕಡೆ ನೋಡಿದ. "ಈ ಬಾಗಿಲು?"

"ಬೋಲ್ಟು ಅವರ ಕೈಗೆ ಸಿಕ್ಕಿದ ಮೇಲೇ. ಎಲ್ಲಾ ಅದಾದ ಮೇಲೇ."

ಒಳಗಿನಿಂದ ದರ್ಜಿ ಕೂಗಿದ, ಮರದ ತುಂಡು ಸಿಕ್ಕಿತೋ ಇಲ್ಲವೋ ಅಂತ. ಅವನು ನಡುಮನೆ ದಾಟಿ ಹೋಗಿ ಬಾಗಿಲು ದೂಡಿದ. ಹೊರಗೆ ನಿಂತು ಅದರ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡ. ಎಡಗೈ ಕೊಡು ಮಾರಾಯ, ಅಂದ ದರ್ಜಿ. ಅವನು ಕೊಡಲಿಲ್ಲ. ಹಗ್ಗ ಎಳೆಯುತ್ತಿತ್ತು. ಹಲಗೆ ಅವನ ಎದೆಗೆ ತಾಗಿಕೊಂಡೇ ಹಾದುಹೋಯಿತು. ಹಿಂದೆ ದರ್ಜಿ, ಎಲ್ಲರ ಕೊನೆಗೆ ಅಕ್ಕ.

ಹೀಗೆ ಆ ಬೆಳಿಗ್ಗೆ ಭಾವ ಹೊರಟುಹೋದರು. ಬೀದಿಯ ತಿರುವಿನಲ್ಲಿ ಜನ ಮರೆಯಾದರೂ ಅವನು ಬಾಗಿಲು ಬಿಟ್ಟಿರಲಿಲ್ಲ. ಬೆರಳು ಬೆಳ್ಳಗಾಗಿದ್ದವು. ಒಳಗೆ, ಗಾಲಿಯ ಹತ್ತಿರ, ಕಬ್ಬಿಣದ ಕಾಲು ಇಳಿಯಲಾರದೆ ತೂಗಾಡುತ್ತಿತ್ತು.