ಬೆಳ್ಳಿಯ ಹಿತ್ತಿಲ ಕಾವಲುಗಾತಿ

ಸರಗೂರಿನ ಆಚೆ, ಕಾಡಂಚಿನ ಹಾಡಿಯಲ್ಲಿ ಬೆಳ್ಳಿಯ ಮನೆ. ಕೋಳಿ ಸಾಕುವುದೆಂದರೆ ಅವಳಿಗೆ ಎಲ್ಲಿಲ್ಲದ ಹುರುಪು. ಆದರೆ ಸಾಕಿದ್ದು ಅವಳು, ತಿಂದದ್ದು ಮುಂಗುಸಿ. ಮುಂಗುಸಿ ಬಿಟ್ಟದ್ದನ್ನು ಮನೆಯ ನಾಯಿಯೇ ತಿಂದು ಮುಗಿಸಿತ್ತು. ಮಗಳು ನಿಂಗಿ ಚೊಚ್ಚಲ ಹೆರಿಗೆಗೆ ಬಂದಾಗ ಬಾಣಂತಿ ಸಾರಿಗೆ ಹಿತ್ತಿಲಲ್ಲಿ ಒಂದು ಕೋಳಿಯೂ ಇರಲಿಲ್ಲ. ಬರೀ ಸೊಪ್ಪಿನ ಸಾರು ಬಡಿಸುವಾಗ ಬೆಳ್ಳಿಗೆ ಮಗಳ ಮುಖ ನೋಡಲಾಗಲಿಲ್ಲ. ಮುಂದಿನ ಬಾಣಂತನಕ್ಕೆ ಹೀಗಾಗಬಾರದು ಎಂದು ಅಂದೇ ಮನಸ್ಸು ಗಟ್ಟಿಮಾಡಿಕೊಂಡಳು.

ಗಂಡ ಸಿದ್ದ ಆ ನಾಯಿಯನ್ನು ಬೇಟೆಗೆ ಆಗುತ್ತದೆಂದು ಅಣ್ಣನಿಗೆ ಕೊಟ್ಟುಬಿಟ್ಟ. ಅದೇ ಸಮಯಕ್ಕೆ ಬ್ಲಾಕ್ ಆಫೀಸಿನ ಗ್ರಾಮಸೇವಿಕೆ ಶಿವರುದ್ರಮ್ಮ ಹಾಡಿಗೆ ಬಂದರು. ಅವರದು ಕೋಳಿ ಮುಟ್ಟದ ಮನೆ ಎಂಬುದು ಎಲ್ಲರಿಗೂ ಗೊತ್ತು.

“ಮೊಟ್ಟೆನೂ ತಿನ್ನದ ಅವ್ವಾರು ನಮ್ಗೆ ಕೋಳಿ ಸಾಕೋದ ಹೇಳ್ಕೊಡ್ತಾರೆ, ಕೇಳಮ್ಮಿ,” ಎಂದು ಸಿದ್ದ ಮೀಸೆಯಡಿಯಲ್ಲೇ ನಕ್ಕ.

“ತಿನ್ನಲ್ಲ ಕಣ ಸಿದ್ದಣ್ಣ, ಅದ್ಕೇ ನಿನ್ ಕೋಳಿ ಮೇಲೆ ನಂಗೆ ಕಣ್ಣಿಲ್ಲ,” ಎಂದರು ಶಿವರುದ್ರಮ್ಮ. “ಅದಿರ್ಲಿ, ನಿಮ್ಮ ನಾಯಿಗೆ ಕೋಳಿ ರುಚಿ ಹತ್ಸಿದ್ದು ಯಾರು?”

“ಯಾರೂ ಇಲ್ಲ ಕಣವ್ವ. ಅದು ಉಟ್ಟಾ ಕಳ್ಳನಾಯಿ.”

“ಕೋಳಿ ಕುಯ್ದಾಗ ಕರುಳು, ತಲೆ ಎಲ್ಲಿಗೆ ಎಸೀತಿದ್ದೆ?”

ಸಿದ್ದ ತಲೆ ಕೆರೆದುಕೊಂಡ. ಕುಯ್ದ ಜಾಗದಲ್ಲೇ ಬಿಸಿ ಕರುಳನ್ನು ನಾಯಿಗೆ ಎಸೆಯುವುದು ಅವನ ಅಪ್ಪನ ಕಾಲದಿಂದ ನಡೆದುಬಂದದ್ದು. ಬೇಟೆ ನಾಯಿಗೆ ಆ ರುಚಿ ಗೊತ್ತಿರಬೇಕು ಎನ್ನುತ್ತಿದ್ದರು. ಅದೇ ನಾಯಿ ಹಿತ್ತಿಲಲ್ಲಿ ಬಿದ್ದಿದ್ದರೆ ಕೋಳಿಗೆ ಉಳಿಗಾಲವಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಕೋಳಿ ಕಾಯಲು ಒಂದು ನಾಯಿಮರಿಯನ್ನು ಚಿಕ್ಕಂದಿನಿಂದಲೇ ಪಳಗಿಸಿ ಎಂದರು ಶಿವರುದ್ರಮ್ಮ. ಪಕ್ಕದ ಮನೆಯ ಕೆಂಪಿಯ ನಾಯಿ ಆಗ ಮರಿ ಹಾಕಿ ಎರಡು ತಿಂಗಳಾಗಿತ್ತು. ಕೋಳಿಗಳು ಸುತ್ತ ಕೆದಕುತ್ತಿದ್ದರೂ ಬಿಸಿಲಿಗೆ ಮೈಯೊಡ್ಡಿ ಮಲಗುವ ತಾಯಿ ಅದು. ಸಿದ್ದ ಮರಿಗಳ ಮುಂದೆ ಒಂದು ಹಳೇ ಬಟ್ಟೆ ಆಡಿಸಿದ. ಒಂದು ಗಂಡುಮರಿ ಎಗರಿ ಕಚ್ಚಿ ಜಗ್ಗಾಡಿತು.

“ಮರಿ ಅಂದ್ರೆ ಇದು ಕಣಮ್ಮಿ. ಇದ್ನೇ ತಕೊಂಡೋಗವ.”

ಬೆಳ್ಳಿ ಒಪ್ಪಲಿಲ್ಲ. ಶಿವರುದ್ರಮ್ಮ ಹೇಳಿಕೊಟ್ಟಂತೆ ಕೆಂಪಿಯ ಒಂದು ಹೇಂಟೆಯನ್ನು ಕಂಕುಳಲ್ಲಿ ಅವುಚಿ ತಂದು ಮರಿಗಳಿಗೆ ತೋರಿಸಿದಳು. ಬಟ್ಟೆ ಕಚ್ಚಿದ ಮರಿ ಹೇಂಟೆಯ ಮೇಲೂ ಎಗರಿತು. ಇನ್ನೊಂದು ಹೆದರಿ ತಾಯಿಯ ಹಿಂದೆ ಸೇರಿತು. ಬೂದು ಬಣ್ಣದ ಹೆಣ್ಣುಮರಿ ಮೂಸಿ ನೋಡಿತು, ಬೆಳ್ಳಿ ಕರೆದದ್ದೇ ಹೇಂಟೆ ಬಿಟ್ಟು ಅವಳ ಕಾಲ ಹತ್ತಿರ ಬಂತು.

“ಬೇಟೆಗೆ ನೀನ್ ಆರ್ಸು. ಹಿತ್ಲಿಗೆ ನಾನ್ ಆರಿಸ್ತೀನಿ,” ಎಂದಳು ಬೆಳ್ಳಿ.

“ಎಣ್ಣುಮರಿ. ಕೂತ್ಕಂಡು ಉಣ್ತದೆ, ನೋಡ್ತಿರು.”

ಮರಿಗೆ ಬೂದಿ ಎಂದೇ ಹೆಸರಾಯಿತು. ಬೆಳ್ಳಿ ಹೊಸದಾಗಿ ತಂದು ಬಿಟ್ಟ ಕೋಳಿಗಳಿಗೆ ಕಾಳು ಹಾಕುವಾಗಲೆಲ್ಲ ಅದನ್ನು ಹಗ್ಗದಲ್ಲಿ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸುಮ್ಮನಿದ್ದರೆ ತಲೆ ಸವರಿ ಒಂದು ತುತ್ತು ರಾಗಿಮುದ್ದೆ. ಎಗರಿದರೆ “ಬ್ಯಾಡ” ಎಂಬ ಒಂದೇ ಮಾತು, ಹಗ್ಗ ಹಿಂದಕ್ಕೆ. ಹೊಡೆಯಲಿಲ್ಲ. ಹಸಿವಾಗಿರಲು ಬಿಡಲಿಲ್ಲ. ಮೊಟ್ಟೆಯ ಓಡು, ಪುಕ್ಕ ಅದರ ಬಾಯಿಗೆ ಸಿಗದಂತೆ ನೋಡಿಕೊಂಡಳು. ಬೂದಿ ಚೆನ್ನಾಗಿ ಬಲಿಯುವ ತನಕ ಕೋಳಿಯ ಹೂಮರಿಗಳ ಜೊತೆ ಒಂಟಿಯಾಗಿ ಬಿಡಲಿಲ್ಲ. ದನದ ಆಸ್ಪತ್ರೆಗೆ ನಡೆಸಿಕೊಂಡು ಹೋಗಿ ಹುಚ್ಚುನಾಯಿ ರೋಗದ ಸೂಜಿಯನ್ನೂ ಹಾಕಿಸಿದಳು.

ಮರುವರ್ಷದ ಮಳೆ ಕಳೆದ ಮೇಲೆ ಒಂದು ಮಧ್ಯಾಹ್ನ ಬೇಲಿ ಸಂದಿಯಿಂದ ಮುಂಗುಸಿಯೊಂದು ನುಗ್ಗಿತು. ಬೂದಿ ಬೊಗಳುತ್ತ ಹಾರಿ ಅದನ್ನು ಬೇಲಿಯಾಚೆ ದಾಟಿಸಿತು. ಅಲ್ಲಿಗೇ ನಿಂತು ಹಿಂದಿರುಗಿತು.

“ಇಡೀಲಾ, ಓಗು,” ಎಂದು ಸಿದ್ದ ಹುರಿದುಂಬಿಸಿದ. ಬೂದಿ ಹೋಗಲಿಲ್ಲ. “ನೋಡ್ದಾ? ನಿನ್ ನಾಯಿಗೆ ಗುಂಡ್ಗೇನೇ ಇಲ್ಲ.”

ಅವನ ಮಾತು ಮುಗಿಯುವಷ್ಟರಲ್ಲಿ ತಿಪ್ಪೆಯ ಕಡೆಯಿಂದ ಇನ್ನೊಂದು ಮುಂಗುಸಿ ಹೂಮರಿಗಳತ್ತ ನುಸುಳಿತು. ಬೂದಿ ಅಷ್ಟರಲ್ಲಿ ಮರಿಗಳ ಮುಂದೆ ಬಂದು ನಿಂತಾಗಿತ್ತು. ಬಂದ ದಾರಿಯಲ್ಲೇ ಆ ಮುಂಗುಸಿಯೂ ಓಡಿತು. ಬೇಟೆ ನಾಯಿಯಾಗಿದ್ದರೆ ಮೊದಲನೆಯದರ ಹಿಂದೆ ಕಾಡು ಸೇರಿರುತ್ತಿತ್ತು, ಹೂಮರಿಗಳು ಎರಡನೆಯದರ ಪಾಲಾಗಿರುತ್ತಿದ್ದವು. ಅದು ಸಿದ್ದನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಿಂಗಿ ಎರಡನೇ ಹೆರಿಗೆಗೆ ಬಂದಾಗ ಹಿತ್ತಿಲ ತುಂಬ ಕೋಳಿ. ಸಿದ್ದ ಹುಂಜವನ್ನು ಬೂದಿಯ ಕಣ್ಣಿಗೆ ಬೀಳದಂತೆ ದೂರ ಒಯ್ದು ಕುಯ್ದ. ಯಾರೂ ಹೇಳದೆ ಆಳವಾಗಿ ಗುಂಡಿ ತೆಗೆದು ಕರುಳು ಪುಕ್ಕವನ್ನೆಲ್ಲ ಹೂತ. ಆಮೇಲೆ ಜಗಲಿಯಲ್ಲಿ ಕೂತು, ಬಂದುಹೋಗುವವರಿಗೆಲ್ಲ ಬೂದಿಯನ್ನು ತೋರಿಸತೊಡಗಿದ.

“ಮರಿ ಆರ್ಸೋಕೆ ಕಣ್ ಬೇಕು ಕಣ್ರಲಾ. ನಾನೇ ಆರ್ಸಿದ್ದು.”

ಒಳಗೆ ಬೆಳ್ಳಿಗೆ ಕೇಳಿಸಿತು. ನಗು ಬಂತು, ಹೆಮ್ಮೆಯೂ ಉಕ್ಕಿತು. ಹೇಳಿಕೊಳ್ಳಲಿ ಬಿಡು ಎಂದುಕೊಂಡು ಬಾಣಂತಿಗೆ ಬಿಸಿ ಸಾರು ಬಡಿಸಿದಳು. ಈ ಸಲ ಮಗಳ ಮುಖ ನೋಡಿಕೊಂಡೇ ಬಡಿಸಿದಳು.

ಅಕ್ಕ, ಅಣ್ಣ, ನಿಮ್ಮ ಹಿತ್ತಿಲಲ್ಲೂ ಕೋಳಿ ಉಂಟಲ್ಲ? ಎಗರುವ ಮರಿಯನ್ನು ಬಿಡಿ, ಕರೆದರೆ ಬರುವ ಮರಿಯನ್ನು ತನ್ನಿ. ಹೊಟ್ಟೆ ತುಂಬ ಹಾಕಿ, ಹೊಡೆಯದೆ ಕಲಿಸಿ. ಕತ್ತಲಾಗುವ ಮೊದಲು ಕೋಳಿಗೂಡಿನ ಬಾಗಿಲನ್ನು ನೀವೇ ಹಾಕಿ. ಮುಂದಿನ ಸಲ ಕೋಳಿ ಕುಯ್ದಾಗ ಕರುಳು ಎಸೆಯಲು ಕೈ ಎತ್ತುವ ಮುನ್ನ, ಒಂದು ಗುಂಡಿ ತೆಗೆಯಿರಿ.