ಚಾವಣಿಯ ಮೇಲಿನ ಕೋಟುಗಳು

ಪ್ರೊಜೆಕ್ಟರನ್ನು ಬಗಲಲ್ಲಿ ಅವುಚಿಕೊಂಡು, ವೈರುಗಳನ್ನು ಕೊರಳಿಗೆ ಸುತ್ತಿಕೊಂಡು ಡ್ರೈವಿಂಗ್ ಮೇಷ್ಟ್ರು ಮನೆಯೊಳಗೆ ಕಾಲಿಟ್ಟರು. ಅಕ್ಕ ಮಲಗಿದ್ದಲ್ಲಿಂದಲೇ ಕೇಳಿದಳು:

"ತಂದ್ಯೇನೋ?"

"ತಂದೆ ಕಣಕ್ಕ. ಇವತ್ತು ಭಾನುವಾರ, ನಮ್ಮ ಡ್ರೈವಿಂಗ್ ಸ್ಕೂಲಿಗೆ ರಜ. ಸಾಯಂಕಾಲದವರೆಗೂ ಇದು ನಿಂದೇ."

"ಅಷ್ಟೊತ್ತು ಯಾಕೆ? ನಾನೇನು ಸಿನಿಮಾ ನೋಡ್ತೀನಾ? ಕೋಟು ನೋಡ್ಬೇಕು, ಅಷ್ಟೇ."

ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದ ಮೇಷ್ಟ್ರ ಹೆಂಡತಿ ಅದನ್ನು ಕೇಳಿ ಒಳಗೆ ಬರಲೋ ಬೇಡವೋ ಎಂದು ಒಂದು ಕ್ಷಣ ತಡೆದಳು. ಆ ಕೋಟುಗಳನ್ನು ಹೊಲಿದವಳು ಅವಳೇ.

ರಸ್ತೆಯ ತಿರುವಿನಲ್ಲಿದ್ದ ಹೊಲಿಗೆ ಅಂಗಡಿ ಅಕ್ಕನದು. ಶಾಲೆಯ ಮಕ್ಕಳ ನಾಟಕಕ್ಕೆ ಬ್ಯಾಂಡಿನವರ ಕೆಂಪು ಕೋಟು ಹೊಲಿದುಕೊಡುತ್ತೇನೆಂದು ಒಪ್ಪಿಕೊಂಡು, ಮಾದರಿಗೆ ಒಂದು ಕೋಟು ಮುಗಿಸಿದ್ದಳು. ಅಷ್ಟರಲ್ಲಿ ಮೇಲಿನ ಅಟ್ಟಣಿಗೆಯಿಂದ ಬಟ್ಟೆ ಇಳಿಸಲು ಸ್ಟೂಲು ಹತ್ತಿ, ಬಟ್ಟೆಯ ಸಮೇತ ಕೆಳಗೆ ಬಂದಳು. ಬೆನ್ನುಮೂಳೆಗೆ ಪೆಟ್ಟಾಯಿತು. ಅಂಗಾತ ಮಲಗಿರಬೇಕು, ತಲೆ ಎತ್ತಬಾರದು, ಹೊರಳಬಾರದು, ದಿಂಬು ಕೂಡ ಬೇಡ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿರುವಂಥದೇ ಚಕ್ರದ ಮಂಚವೊಂದನ್ನು ಬಾಡಿಗೆಗೆ ತಂದದ್ದಾಯಿತು. ಊರಿನವರ ಮೈ ಅಳೆದು ಓಡಾಡುತ್ತಿದ್ದ ಹೆಂಗಸು ಈಗ ಚಾವಣಿಯ ಬಿರುಕು ಅಳೆಯುತ್ತ ಮಲಗಿದ್ದಳು.

ಮೇಷ್ಟ್ರ ಹೆಂಡತಿ ಮದುವೆಯಾಗಿ ಬಂದಾಗಿನಿಂದ ಅದೇ ಅಂಗಡಿಯಲ್ಲಿ ಅಂಚು ಮಡಿಸಿದವಳು, ಗುಂಡಿ ಕೂರಿಸಿದವಳು. ಆದರೆ ಕತ್ತರಿಯನ್ನು ಅಕ್ಕ ಯಾರ ಕೈಗೂ ಕೊಟ್ಟವಳಲ್ಲ. ಈ ಸಲ ಬೇರೆ ದಾರಿ ಇರಲಿಲ್ಲ. ಮಾದರಿ ಕೋಟನ್ನು ಮುಂದಿಟ್ಟುಕೊಂಡು ಉಳಿದ ಕೋಟುಗಳನ್ನೆಲ್ಲ ಅವಳೇ ಕತ್ತರಿಸಿ ಹೊಲಿದಳು. ನಾಟಕ ನಡೆಯಿತು. ಮರುದಿನವೇ ಮಕ್ಕಳು ಕೋಟು ಸಮೇತ ಇನ್ನೊಂದು ಊರಿನ ಪ್ರದರ್ಶನಕ್ಕೆ ಬಸ್ಸು ಹತ್ತಿಬಿಟ್ಟರು. ಉಳಿದದ್ದು ಅವಳು ಫೋನಿನಲ್ಲಿ ಹಿಡಿದಿದ್ದ ವಿಡಿಯೋ ಒಂದೇ. ಅದನ್ನು ತೋರಿಸಿದರೆ, "ಹೆಬ್ಬೆರಳಷ್ಟು ಮಕ್ಕಳು, ಅದರಲ್ಲಿ ನಾನು ಹೊಲಿಗೆ ಏನು ಕಾಣಲಿ?" ಎಂದು ಅಕ್ಕ ಫೋನು ಪಕ್ಕಕ್ಕೆ ಸರಿಸಿದ್ದಳು.

"ನೀವು ಏಳೋವರೆಗೂ ಅಂಗಡಿ ನಾನು ನಡೆಸ್ತೀನಿ ಅಕ್ಕ" ಎಂದು ಹೆಂಡತಿ ಧೈರ್ಯ ಮಾಡಿ ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇಷ್ಟು: "ಮೊದಲು ಆ ಕೋಟು ನೋಡ್ತೀನಿ. ಸರಿ ಇದ್ರೆ ನಡ್ಸು. ಇಲ್ಲ ಅಂದ್ರೆ ಸೋಮವಾರ ಎಲ್ಲರ ಬಟ್ಟೆನೂ ಅವರವರಿಗೆ ವಾಪಸ್ ಕೊಟ್ಟು ಬಾಗಿಲು ಎಳೆದು ಬಾ. ಬಟ್ಟೆ ಕೆಟ್ರೆ ಹೊಸದು ತರಬಹುದು. ಅಂಗಡಿ ಹೆಸರು ಕೆಟ್ರೆ ಎಲ್ಲಿಂದ ತರ್ತೀಯ?"

ಅದಕ್ಕೇ ಪ್ರೊಜೆಕ್ಟರು.

ಮೇಷ್ಟ್ರಿಗೆ ಆ ಯಂತ್ರ ಹೊಸದಲ್ಲ. ಡ್ರೈವಿಂಗ್ ಸ್ಕೂಲಿನ ಪಾಠದ ಕೋಣೆ ಉದ್ದನೆಯ ಓಣಿಯ ಹಾಗಿತ್ತು. ಮೊದಮೊದಲು ಎಲ್ಲರಂತೆ ಪ್ರೊಜೆಕ್ಟರನ್ನು ಎದುರಿಗಿಟ್ಟು ಗೋಡೆಗೆ ಬಿಡುತ್ತಿದ್ದರು. ತಡವಾಗಿ ಬಂದವರ ತಲೆ, ಬಾಗಿಲಿಗೆ ಎದ್ದು ಹೋಗುವವರ ಬೆನ್ನು, ಎಲ್ಲವೂ ಚಿತ್ರದ ಮೇಲೆ ನೆರಳಾಗಿ ನಡೆಯುತ್ತಿದ್ದವು. ಆಮೇಲೆ ಕೋಣೆಯ ಕೊನೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಯಂತ್ರವನ್ನು ಬಟ್ಟೆಯ ಹಿಂದಕ್ಕೆ ಒಯ್ದು, ಹಿಂದಿನಿಂದಲೇ ಚಿತ್ರ ಬಿಡಲು ಶುರುಮಾಡಿದರು. ಹಾಗೆ ಬಿಟ್ಟರೆ ಮುಂದೆ ಕೂತವರಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ರಸ್ತೆ ಪಾಠ ಹೇಳುವವರು ಹಾಗೆ ತೋರಿಸಿದರೆ ಆಸ್ಪತ್ರೆ ತುಂಬೀತು. ಯಂತ್ರದ ಸೆಟ್ಟಿಂಗಿನಲ್ಲಿ ಒಂದು ಕಡೆ ಒತ್ತಿದರೆ ಅದು ಚಿತ್ರವನ್ನೇ ತಿರುಗಿಸಿ ಬಿಡುತ್ತದೆ, ಮುಂದೆ ಕೂತವರಿಗೆ ಸರಿಯಾಗುತ್ತದೆ. ಹಿಂದೆ ಯಂತ್ರದ ಪಕ್ಕ ನಿಂತ ಮೇಷ್ಟ್ರಿಗೆ ಮಾತ್ರ ಎಲ್ಲ ತಿರುಗುಮುರುಗು. ವರ್ಷಗಟ್ಟಲೆ ಹಾಗೇ ನೋಡಿ ನೋಡಿ ಅವರಿಗೆ ತಿರುಗಿದ ಅಕ್ಷರ ಕಂಡರೆ ಏನೂ ಅನ್ನಿಸುತ್ತಿರಲಿಲ್ಲ.

ಮಂಚದ ಪಕ್ಕ ನೆಲದ ಮೇಲೆ ಎರಡು ಇಟ್ಟಿಗೆ ಇಟ್ಟು, ನಡುವೆ ಗಾಳಿಯಾಡಲು ಜಾಗ ಬಿಟ್ಟು, ಯಂತ್ರದ ಕಣ್ಣು ಮೇಲೆ ನೋಡುವ ಹಾಗೆ ನಿಲ್ಲಿಸಿದರು. ಅಲ್ಲಾಡದಿರಲೆಂದು ಎರಡೂ ಬದಿಗೆ ಹಳೆಯ ಬೂಟುಗಳನ್ನು ಒತ್ತಿಟ್ಟರು. ಬೆಳಕು ಮೇಲೆ ಹೋದದ್ದೇ ನೇರ ಫ್ಯಾನಿನ ರೆಕ್ಕೆಗೆ ಬಡಿಯಿತು.

"ಫ್ಯಾನ್ ಆರ್ಸಿದ್ರೆ ನಾನು ಬೆಂದುಹೋಗ್ತೀನಿ" ಎಂದಳು ಅಕ್ಕ.

"ಆರ್ಸಲ್ಲ. ಮಂಚಾನೇ ಆ ಕಡೆ ತಳ್ತೀನಿ."

"ನನ್ನ ಮೇಲಿಟ್ಕೊಂಡು?"

"ನಿನ್ನ ಇಳ್ಸಿ ತಳ್ಳೋಕಾಗುತ್ತಾ? ಚಕ್ರ ಇದೆ, ಬ್ರೇಕಿದೆ. ನಾನಿದ್ದೀನಿ."

"ನಿನ್ನ ಕೈಯಲ್ಲಿ ಕಲಿತವರನ್ನ ರೋಡಲ್ಲಿ ನೋಡಿದ್ದೀನಿ ಕಣೋ, ಅದಕ್ಕೇ ಹೆದರಿಕೆ."

ಹೆಂಡತಿ ಒಂದು ಬದಿ, ಮೇಷ್ಟ್ರು ಒಂದು ಬದಿ ಹಿಡಿದು ಮಂಚವನ್ನು ಮೆಲ್ಲಗೆ ಕಿಟಕಿಯತ್ತ ಸರಿಸಿದರು. "ಗೋಡೆ! ಗೋಡೆ!" ಎಂದು ಅಕ್ಕ ಚಾವಣಿ ನೋಡುತ್ತಲೇ ಎಚ್ಚರಿಸಿದಳು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಯಂತ್ರವನ್ನೂ ಇಟ್ಟಿಗೆ, ಬೂಟು ಸಮೇತ ಹಿಂದೆ ತಂದರು. ಈಗ ಬೆಳಕು ಫ್ಯಾನಿನ ಗೊಡವೆ ಇಲ್ಲದೆ ಬರಿ ಸುಣ್ಣದ ಮೇಲೆ ಬಿತ್ತು. ಮೇಲೆ ಮೂಡಿದ ಕಂಪನಿಯ ಹೆಸರು ತಿರುಗಿತ್ತು. ಮೇಷ್ಟ್ರ ಕಣ್ಣಿಗೆ ಅದು ದಿನನಿತ್ಯದ್ದು. ಅಕ್ಕ ಇನ್ನೂ ಕನ್ನಡಕ ಹಾಕಿರಲಿಲ್ಲ. ಹೆಂಡತಿ ಅದನ್ನೇ ಹುಡುಕುತ್ತಿದ್ದಳು.

ಮೇಷ್ಟ್ರು ಮಂಚದ ಕಾಲ ಬಳಿ ನಿಂತು, ಕತ್ತೆತ್ತಿ ನೋಡಿ, ಯಂತ್ರವನ್ನು ಅತ್ತಿತ್ತ ಜರುಗಿಸಿ, ಕನ್ನಡಿಯಂತಿದ್ದ ಕಣ್ಣಿನ ಸುತ್ತಲ ಉಂಗುರ ತಿರುಗಿಸಿ ಮಸುಕು ತೆಗೆದರು. ಫೋನು ಜೋಡಿಸಿದರು.

"ಹೇಗಿದೆ ಅಕ್ಕ?"

"ಚೆನ್ನಾಗಿದೆ. ಮಕ್ಕಳೆಲ್ಲ ಬಾವಲಿಗಳ ಥರ ನೇತಾಡ್ತಿದಾರೆ."

ಮಲಗಿದವಳಿಗೆ ಮೇಲು ಎಂದರೆ ತಲೆಯ ಕಡೆ. ನಿಂತವರು ನಿಂತಲ್ಲಿಂದ ನೋಡಿ ಸರಿಮಾಡಿದ್ದರು. ಹೆಂಡತಿ ಮುಖ ಆ ಕಡೆ ತಿರುಗಿಸಿ ನಕ್ಕಳು. "ಸೀಟಲ್ಲಿ ಕೂತ್ಮೇಲೆ ಕನ್ನಡಿ ಸರಿಮಾಡ್ಕೋಬೇಕು ಅಂತ ದಿನಾ ಕಿರುಚೋದು ಯಾರು?" ಎಂದಳು ಮೆಲ್ಲಗೆ. ಮೇಷ್ಟ್ರು ಯಂತ್ರವನ್ನು ಅರ್ಧ ಸುತ್ತು ತಿರುಗಿಸಿಟ್ಟರು. ಮಕ್ಕಳು ನೆಟ್ಟಗೆ ನಿಂತರು. ಎಲ್ಲ ಸರಿಹೋಯಿತು ಎಂದುಕೊಂಡರು ಮೇಷ್ಟ್ರು.

ನಾಟಕ ಸಣ್ಣದು. ಊರಿನ ಬ್ಯಾಂಡಿನವರು ಸ್ಪರ್ಧೆಗೆ ಹೊರಡುತ್ತಾರೆ, ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ಅವರು ನಿಂತಲ್ಲೇ ನುಡಿಸುತ್ತಾರೆ. ಚಾವಣಿಯ ತುಂಬ ಕೆಂಪು ಕೋಟುಗಳು ಸಾಲಾಗಿ ಬಂದು ನಿಂತವು. ಎಷ್ಟು ದೊಡ್ಡದಾಗಿ ಎಂದರೆ ಒಂದೊಂದು ಗುಂಡಿಯೂ ತಟ್ಟೆಯಷ್ಟು.

ಹೆಂಡತಿ ಹುಡುಕಿ ಕೊಟ್ಟ ಕನ್ನಡಕವನ್ನು ಅಕ್ಕ ಸರಿಮಾಡಿಕೊಂಡಳು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಚಾವಣಿಯನ್ನು ಬಿಟ್ಟು ಅಕ್ಕನ ಮುಖವನ್ನೇ ನೋಡುತ್ತಿದ್ದಳು.

"ನಿಲ್ಸು" ಎಂದಳು ಅಕ್ಕ.

ಮೇಷ್ಟ್ರು ನಿಲ್ಲಿಸಿದರು.

"ಜರಿ ಹುರಿ ಯಾವ ಭುಜಕ್ಕೆ ಹಾಕಿದ್ದೆ ನಾನು?"

"ಎಡಕ್ಕೆ ಅಕ್ಕ" ಎಂದಳು ಹೆಂಡತಿ.

"ಅಲ್ಲಿ ಯಾವ ಭುಜದಲ್ಲಿದೆ? ಗುಂಡಿ ಸಾಲು ಯಾವ ಕಡೆ ಇದೆ? ಜೇಬು? ಒಂದಲ್ಲ ಎರಡಲ್ಲ, ಎಲ್ಲಾ ಕೋಟೂ ತಿರುಗಾಮುರುಗಾ ಹೊಲಿದಿಟ್ಟಿದೀಯಲ್ಲೇ!"

ಹೆಂಡತಿ ಮೇಲೆ ನೋಡಿದಳು. ನಿಜ. ಹುರಿ ಬಲಭುಜದಲ್ಲಿ ಮಿಂಚುತ್ತಿತ್ತು.

"ನಾನು ಮಾದರಿ ಇಟ್ಕೊಂಡೇ ಹೊಲಿದೆ ಅಕ್ಕ. ಎಡಕ್ಕೇ..."

"ಕಣ್ಣಿಗೆ ಕಾಣ್ತಿದೆಯಲ್ಲಮ್ಮ, ಇನ್ನೇನು ವಾದ? ಬಟ್ಟೆಯ ಒಳಮೈ ಮೇಲೆ ಮಾಡಿ ಹಾಸಿ ಕತ್ತರಿಸಿದೀಯ. ಕತ್ತರಿ ಹಿಡಿಯೋ ಕೈ ಅಲ್ಲ ನಿಂದು. ನಾನೇ ದಡ್ಡಿ, ಒಪ್ಪಿಸಿದೆ."

ಹೆಂಡತಿಯ ಮುಖ ಸಣ್ಣದಾಯಿತು. ಅವಳಿಗೆ ಕೋಪ ಬಂದಿದ್ದರೆ ಮೇಷ್ಟ್ರಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಅವಳು ತನ್ನ ಎರಡು ಅಂಗೈಗಳನ್ನು ಮುಂದೆ ಚಾಚಿ, ಬಟ್ಟೆ ಹಾಸಿದ ರೀತಿಯನ್ನು ಗಾಳಿಯಲ್ಲೇ ಮತ್ತೊಮ್ಮೆ ಹಾಸಿ ನೋಡುತ್ತಿದ್ದಳು. "ಹಾಸಿಬಿಟ್ನಾ ಹಾಗೇ..." ಎಂದು ತನಗೆ ತಾನೇ ಕೇಳಿಕೊಂಡಳು. ಸ್ವಂತ ಕಣ್ಣಿನಿಂದ ನಾಟಕ ನೋಡಿ ಬಂದವಳಿಗೇ ತನ್ನ ನೆನಪಿನ ಮೇಲೆ ನಂಬಿಕೆ ಹೋಗುತ್ತಿತ್ತು.

ಮೇಷ್ಟ್ರು ವಿಡಿಯೋ ಮುಂದಕ್ಕೆ ಓಡಿಸಿದರು. ಇಬ್ಬರು ಹೆಂಗಸರ ನಡುವೆ ಸಿಕ್ಕಿದ ಗಂಡಸು ಕೈಗೆ ಸಿಕ್ಕಿದ ಗುಂಡಿ ಒತ್ತುವುದೇ ಹೆಚ್ಚು. ರಟ್ಟಿನ ಬಸ್ಸು ಬಂತು. ಮುಂದಿನ ಗಾಜಿನ ಜಾಗದಲ್ಲಿ ಡ್ರೈವರ್ ವೇಷದ ಹುಡುಗಿ ಸ್ಟಿಯರಿಂಗ್ ತಿರುಗಿಸುತ್ತಿದ್ದಳು.

"ಇದೇನು, ಆ ಕಡೆ ಕೂತಿದಾಳೆ?" ಎಂದರು ಮೇಷ್ಟ್ರು.

"ನಿಂದೊಂದು. ಇಲ್ಲಿ ಕೋಟು ಕೆಟ್ಟಿದೆ, ಇವನಿಗೆ ಬಸ್ಸಿನ ಚಿಂತೆ."

"ಅಲ್ಲಕ್ಕ, ಆ ಸ್ಟಿಯರಿಂಗ್ ನಮ್ಮ ಹಳೇ ಕಾರಿಂದು. ನಾನೇ ಹೋಗಿ ಕೂರ್ಸಿ ಬಂದೆ. ಯಾವ ಕಡೆ ಕೂರಿಸ್ಬೇಕು ಅನ್ನೋದು ನನಗೆ ನಿದ್ದೇಲಿ ಕೇಳಿದ್ರೂ..."

ಮೇಷ್ಟ್ರು ಬಗ್ಗಿ ಫೋನನ್ನು ಎತ್ತಿಕೊಂಡು ನೋಡಿದರು. ಫೋನಿನಲ್ಲಿ ಡ್ರೈವರ್ ಸರಿಯಾದ ಕಡೆಯೇ ಕೂತಿದ್ದಳು. ಚಾವಣಿ ನೋಡಿದರು. ಮತ್ತೆ ಫೋನು.

"ಅಕ್ಕ, ಇದು ಬಟ್ಟೆ ಹಿಂದಿಂದ ಬಿಡೋ ಸೆಟ್ಟಿಂಗು. ಸ್ಕೂಲಲ್ಲಿ ಇದ್ದ ಹಾಗೇ ಎತ್ಕೊಂಡು ಬಂದ್ಬಿಟ್ಟೆ. ತಿರುಗ್ಸೋದು ಮರೆತೆ. ಕೋಟಲ್ಲ ಉಲ್ಟಾ, ನಾನು."

ರಿಮೋಟು ಹಿಡಿದು ಸೆಟ್ಟಿಂಗು ಹುಡುಕಿ ಒತ್ತಿದರು. ಚಾವಣಿಯ ಚಿತ್ರ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಡ್ರೈವರ್ ತನ್ನ ಕಡೆಗೆ ಬಂದಳು. ಹಿಂದೆ ನಿಂತ ಅಷ್ಟೂ ಕೋಟುಗಳ ಎಡಭುಜದಲ್ಲಿ ಜರಿ ಹುರಿ ಮಿಂಚಿತು.

ಹೆಂಡತಿ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು.

ಅಕ್ಕ ಮತ್ತೆ ನೋಡಿದಳು. ತೋಳು ಕೂರಿಸಿದ ಜಾಗ, ಕಾಲರಿನ ತುದಿ, ಗುಂಡಿಯಿಂದ ಗುಂಡಿಗೆ ಅಂತರ, ಒಂದೊಂದನ್ನೂ ಕಣ್ಣಿನಿಂದಲೇ ಸವರಿದಳು. ಎರಡು ಸಲ ತಮ್ಮನ ಕೈಲಿ ಹಿಂದಕ್ಕೆ ಓಡಿಸಿದಳು. ಕೊನೆಗೆ ಹೇಳಿದಳು:

"ಆಗ ಅಂದಿದ್ದನ್ನ ಯಂತ್ರಕ್ಕೆ ಅಂದೆ ಅಂತ ತಿಳ್ಕೋ."

"ಯಂತ್ರಕ್ಕೆ ಕತ್ತರಿ ಹಿಡಿಯೋ ಕೈ ಇಲ್ಲ ಅಂದ್ರಾ ಅಕ್ಕ?"

ಮೇಷ್ಟ್ರು ನಗು ತಡೆಯಲು ವೈರು ಸುತ್ತತೊಡಗಿದರು. ಅಕ್ಕನ ತುಟಿಯೂ ಒಂದಿಷ್ಟು ಸಡಿಲವಾಯಿತು.

"ತಪ್ಪಾಯ್ತಮ್ಮ. ಸಾಕಾ? ನೋಯಿಸ್ಬಿಟ್ಟೆ."

"ಸಾಕು. ಆದ್ರೆ ಡ್ರಮ್ಮಿನ ಹುಡುಗನ ಕೋಟು ನೋಡಿದ್ರಾ? ಹಿಂದೆ ಅಂಚು ಮೇಲಕ್ಕೆ ಹೋಗಿದೆ. ಅದು ಮಾತ್ರ ನಂದೇ. ಕೊನೇಲಿ ಆತುರ ಮಾಡಿದೆ."

"ನೋಡ್ದೆ. ನೀನಾಗಿ ಹೇಳ್ತೀಯೋ ಇಲ್ವೋ ಅಂತ ಸುಮ್ಮನಿದ್ದೆ." ಅಕ್ಕ ಚಾವಣಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ನರ್ಸುಗಳ ಬಟ್ಟೆ ಬಂದು ಕೂತಿದೆಯಲ್ಲ, ನಾಳೆ ಅದನ್ನ ಕತ್ತರಿಸು. ಬಾಗಿಲು ಹೊತ್ತಿಗೆ ಸರಿಯಾಗಿ ತೆಗಿ. ಮೇಜಿನ ಮೇಲೆ ಫೋನು ನೇತುಹಾಕು, ನಾನು ಇಲ್ಲೇ ಚಾವಣಿ ಮೇಲೆ ನೋಡ್ತಿರ್ತೀನಿ. ಹೇಳ್ತಿರ್ತೀನಿ."

"ನನ್ನ ಪಾಠಕ್ಕೆ ಯಂತ್ರ ಬೇಕಲ್ಲಕ್ಕ?" ಎಂದರು ಮೇಷ್ಟ್ರು.

"ಹಲಗೆ ಮೇಲೆ ಬರೆದು ಕಲ್ಸು. ಎಡ ಬಲ ನಿನಗೂ ಸ್ವಲ್ಪ ಅಭ್ಯಾಸ ಆಗ್ಲಿ."

ಸೋಮವಾರ ಬೆಳಿಗ್ಗೆ ಮೇಷ್ಟ್ರು ಕೆಲಸಕ್ಕೆ ಹೊರಡುವ ಮುಂಚೆ ಅಂಗಡಿಯಿಂದ ಬಂದ ವಿಡಿಯೋ ಕಾಲನ್ನು ಯಂತ್ರಕ್ಕೆ ಜೋಡಿಸಿಕೊಟ್ಟರು. ಈ ಸಲ ಮಂಚದ ಪಕ್ಕದ ನೆಲದ ಮೇಲೆ ತಾವೇ ಅಂಗಾತ ಮಲಗಿ ನೋಡಿ, ಹೆಂಡತಿ ಅಲ್ಲಿಂದ ಫೋನು ಎತ್ತಿ ತೋರಿಸಿದ ಗೋಡೆಗಡಿಯಾರದ ಅಂಕಿಗಳನ್ನು ಓದಿ ಖಾತ್ರಿಮಾಡಿಕೊಂಡರು. ಚಾವಣಿಯ ಮೇಲೆ ಹೊಲಿಗೆ ಅಂಗಡಿಯ ಮೇಜು ಹರಡಿತು. ಅದರ ಮೇಲೆ ಬಿಳಿ ಬಟ್ಟೆ, ಸೀಮೆಸುಣ್ಣದ ಗೆರೆ, ಹೆಂಡತಿಯ ಎರಡು ಕೈ.

"ಗೆರೆ ಒಂಚೂರು ಒಳಗೆ ತಗೋ" ಎಂದಳು ಅಕ್ಕ ಫೋನಿಗೆ. "ಹಾಂ. ಈಗ ತಡಿ, ನಾನು ಹೇಳ್ತೀನಿ, ಹೊಲಿಗೆಗೆ ಬಟ್ಟೆ ಬಿಟ್ಟಿದೀಯಾ ಅಂತ ನೋಡಿ..."

ಅವಳು ಹೇಳಿ ಮುಗಿಸುವ ಮೊದಲೇ ಮೇಲೆ ಕತ್ತರಿ ಬಾಯಿ ತೆರೆದು ಬಟ್ಟೆಯೊಳಗೆ ಹೊಕ್ಕಿತು. ಅವಸರವಿಲ್ಲದೆ, ಗೆರೆಯ ಹೊರಗೆ ಎಷ್ಟು ಬಿಡಬೇಕೋ ಅಷ್ಟೇ ಬಿಟ್ಟು, ಕೊನೆಯವರೆಗೂ ನಿಲ್ಲದೆ ನಡೆಯಿತು.

ಮೇಷ್ಟ್ರು ನೆಲದ ಮೇಲಿಂದಲೇ ಅಕ್ಕನ ಕಡೆ ನೋಡಿದರು, ಈಗ ಸಿಡಿಯುತ್ತಾಳೆ ಎಂದು. ಅಕ್ಕ ಬಾಯಿ ತೆರೆದಿದ್ದಳು. ಮುಚ್ಚಿಕೊಂಡಳು. ಫೋನನ್ನು ಎದೆಯ ಮೇಲಿಟ್ಟು, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಜೋಡಿಸಿಕೊಂಡು, ಸುಮ್ಮನೆ ನೋಡುತ್ತ ಮಲಗಿದಳು.